ಡೆಂಗ್ಯೂ ಜ್ವರಕ್ಕೆ ಮದ್ದೇಕಿಲ್ಲ?

ಮಳೆಗಾಲ ಬಂತೆಂದರೆ ಜಾಲ್ಸೂರು, ಸುಳ್ಯ, ಪುತ್ತೂರು ಕಡೆಯ ತೋಟದ ಮನೆಗಳಲ್ಲಿ ಡೆಂಗ್ಯೂ ಜ್ವರದ ಭಯ. ವೈರಸ್ಸನ್ನೇ ನಾಶ ಮಾಡುವ ಮಾತ್ರೆ ಈ ಜ್ವರಕ್ಕೆ ಏಕಿಲ್ಲ ಎಂದು ಹಲವರು ಕೇಳುವುದುಂಟು. ಉತ್ತರದ ಒಂದು ಭಾಗ 'ಹೆಲಿಕೇಸ್' ಎಂಬ ಪ್ರೋಟೀನುಗಳಲ್ಲಿದೆ.

ನಮ್ಮ ದೇಹದ ಪ್ರೋಟೀನುಗಳ ವಿವರ ಡಿಎನ್‌ಎಯಲ್ಲಿರುತ್ತದೆ. ಜೀವಕೋಶ ಅದರ ನಕಲನ್ನು ಆರ್‌ಎನ್‌ಎ ಎಂಬ ಎಳೆಯ ರೂಪದಲ್ಲಿ ತೆಗೆದುಕೊಳ್ಳುತ್ತದೆ. ಈ ಎಳೆ ಬಾವಿಕಟ್ಟೆಯ ಮೇಲೆ ಬಿಟ್ಟ ಹಗ್ಗದಂತೆ ತನ್ನಷ್ಟಕ್ಕೆ ಸಿಕ್ಕುಗಟ್ಟುತ್ತದೆ. ಎಟಿಪಿ ಎಂಬ ಇಂಧನ ಬಳಸಿ ಈ ಸಿಕ್ಕು ಬಿಡಿಸುವವೇ ಆರ್‌ಎನ್‌ಎ ಹೆಲಿಕೇಸ್‌ಗಳು. ಇವುಗಳ ದೊಡ್ಡ ಕುಟುಂಬವೊಂದಕ್ಕೆ 1989ರಲ್ಲಿ 'ಡೆಡ್-ಬಾಕ್ಸ್' ಎಂಬ ಹೆಸರು ಬಂತು. ಇದಕ್ಕೂ ಸಾವಿಗೂ ಸಂಬಂಧವಿಲ್ಲ. ಈ ಪ್ರೋಟೀನುಗಳಲ್ಲಿ ಸಾಲಾಗಿ ಬರುವ ನಾಲ್ಕು ಅಮೈನೋ ಆಮ್ಲಗಳ ಸಂಕೇತಾಕ್ಷರಗಳು ಡಿ, ಇ, ಎ, ಡಿ, ಅಷ್ಟೆ.

ಡೆಂಗ್ಯೂ ವೈರಸ್ಸಿನಲ್ಲಿ ಡಿಎನ್‌ಎ ಇಲ್ಲ. ಅದರ ಆನುವಂಶಿಕ ವಸ್ತುವೇ ಆರ್‌ಎನ್‌ಎ. ನಮ್ಮ ಜೀವಕೋಶವನ್ನು ಹೊಕ್ಕ ಮೇಲೆ ಅದು ಎನ್‌ಎಸ್3 ಎಂಬ ತನ್ನದೇ ಹೆಲಿಕೇಸನ್ನು ತಯಾರಿಸಿಕೊಂಡು ವೃದ್ಧಿಯಾಗುತ್ತದೆ. ಇದು ಡೆಡ್-ಬಾಕ್ಸ್ ಕುಟುಂಬದ ದೂರದ ನೆಂಟ. ಇದನ್ನು ತಡೆದರೆ ವೈರಸ್ ಹೆಚ್ಚದು, ನಿಜ. ಆದರೆ ಎಟಿಪಿಯನ್ನು ಹಿಡಿಯುವ ಭಾಗ ನಮ್ಮ ಹೆಲಿಕೇಸ್‌ಗಳಲ್ಲೂ ಹೆಚ್ಚುಕಡಿಮೆ ಹಾಗೆಯೇ ಇದೆ. ಅಲ್ಲಿಗೆ ಗುರಿಯಿಟ್ಟ ಔಷಧ ನಮ್ಮ ಕೋಶಗಳಿಗೂ ತಗಲಬಹುದು. ಮದ್ದು ಹುಡುಕುವವರಿಗೆ ಎದುರಾಗಿರುವ ತೊಡಕುಗಳಲ್ಲಿ ಇದೊಂದು.

ಇದೇ ಬಳಗದಲ್ಲಿ ನಮ್ಮ ಕಾವಲುಗಾರನೂ ಇದ್ದಾನೆ. ಅದರ ಹೆಸರು ರಿಗ್-ಐ. ಅದು ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸುತ್ತದೆ ಎಂಬುದನ್ನು 2004ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಅದು ಎಚ್ಚರಿಸಿದೊಡನೆ ಕೋಶ ಇಂಟರ್‌ಫೆರಾನ್ ಎಂಬ ರಕ್ಷಕ ಪ್ರೋಟೀನನ್ನು ಹೊರಬಿಡುತ್ತದೆ. ಜ್ವರ, ಮೈಕೈ ನೋವಿಗೆ ಈ ಹೋರಾಟವೂ ಒಂದು ಕಾರಣ.

ಹೆಚ್ಚಿನವರಲ್ಲಿ ದೇಹವೇ ಗೆಲ್ಲುತ್ತದೆ. ಅಲ್ಲಿಯವರೆಗೆ ವಿಶ್ರಾಂತಿ, ಸಾಕಷ್ಟು ದ್ರವಾಹಾರ, ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಬೇಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಅವು ರಕ್ತಸ್ರಾವಕ್ಕೆ ದಾರಿ ಮಾಡಬಹುದು. ಜ್ವರ ಇಳಿಯಿತೆಂದು ನಿಶ್ಚಿಂತರಾಗಬೇಡಿ. ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ತೀವ್ರ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಸೊಳ್ಳೆಯ ಮೊಟ್ಟೆ ರೆಕ್ಕೆ ಮೂಡಿ ಹಾರಲು ಸುಮಾರು ಒಂದು ವಾರ ಸಾಕು. ಆದ್ದರಿಂದ ರಬ್ಬರ್ ಹಾಲು ಹಿಡಿಯುವ ಗೆರಟೆ, ಬಿದ್ದ ಅಡಿಕೆ ಹಾಳೆ, ಹಳೆಯ ಟಯರುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ.