ಜಾತ್ರೆ, ಸೆಂಡಾಫ್, ಪರೀಕ್ಷೆ: ಘಾಟಿ ಸೀಮೆಯ ಹತ್ತನೇ ತರಗತಿ

ಘಾಟಿ ಸುಬ್ರಹ್ಮಣ್ಯದ ಸುತ್ತಿನ ಹಳ್ಳಿಗಳಲ್ಲಿ ಹತ್ತನೇ ತರಗತಿ ಓದುವ ಮಕ್ಕಳ ಸಂಭ್ರಮದ ಕಾಲ ಪುಷ್ಯ ಮಾಸದ ತೇರಿನ ಜೊತೆ ಶುರುವಾಗಿ, ಮಾರ್ಚ್–ಏಪ್ರಿಲ್ ಹೊತ್ತಿಗೆ ಎಸ್ಸೆಸ್ಸೆಲ್ಸಿಯ ಕೊನೆಯ ಪರೀಕ್ಷೆ ಬರೆದ ದಿನ ಮುಗಿಯುತ್ತದೆ. ಶಾಲಾ ಪ್ರವಾಸ, ವಾರ್ಷಿಕೋತ್ಸವ, ಗ್ರೂಪ್ ಫೋಟೊ, ಸರಸ್ವತಿ ಪೂಜೆ, ಸೆಂಡಾಫ್ ಎಂದು ಕರೆಯುವ ಬೀಳ್ಕೊಡುಗೆ ಎಲ್ಲವೂ ಈ ಮೂರ್ನಾಲ್ಕು ತಿಂಗಳ ಆಸುಪಾಸಿನಲ್ಲೇ ಬರುತ್ತವೆ. ಪೂರ್ವಸಿದ್ಧತಾ ಪರೀಕ್ಷೆಗಳೂ ಬೆಳಗಿನ ಜಾವದ ಓದೂ ಇದೇ ದಿನಗಳವು. ಅಮೆರಿಕದ ಹೈಸ್ಕೂಲು ಮಕ್ಕಳು ಇದೇ ವಯಸ್ಸಿನ ಆಸುಪಾಸಿನಲ್ಲಿ ಎದುರು ನೋಡುವ ಪ್ರಾಮ್ ಒಂದು ರಾತ್ರಿಯ ಔತಣ ಮತ್ತು ನೃತ್ಯ. ಇಲ್ಲಿ ಆ ಸಡಗರ ಒಂದು ರಾತ್ರಿಗೆ ಸೇರಿದ್ದಲ್ಲ. ದುಡಿಮೆ, ಓದು, ಹಬ್ಬ ಮೂರರ ನಡುವೆಯೇ ಹಂಚಿಹೋಗಿರುತ್ತದೆ.

ಘಾಟಿ ಇರುವುದು ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹೋಬಳಿಯಲ್ಲಿ, ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ. ಬಸ್ಸಿನ ಫಲಕದ ಮೇಲೆ ಅದು ‘ಎಸ್.ಎಸ್. ಘಾಟಿ’. ಏಳು ಹೆಡೆಯ ಸುಬ್ರಹ್ಮಣ್ಯ ಮತ್ತು ಅವನ ಬೆನ್ನಿಗಿರುವ ನರಸಿಂಹ ಇಲ್ಲಿನ ದೇವರು. ಹಿಂಬದಿಯ ನರಸಿಂಹನನ್ನು ಕನ್ನಡಿಯಲ್ಲಿ ನೋಡಿ ಕೈಮುಗಿಯುತ್ತಾರೆ. ಸಂಡೂರಿನ ಘೋರ್ಪಡೆ ಅರಸರ ಹೆಸರಿನೊಂದಿಗೆ ಈ ಕ್ಷೇತ್ರದ ಚರಿತ್ರೆ ಬೆಸೆದುಕೊಂಡಿದೆ. ನಾಗರಕಲ್ಲು ಪ್ರತಿಷ್ಠೆಗೆ, ಹರಕೆಗೆ ವರ್ಷವಿಡೀ ಜನ ಬರುತ್ತಾರೆ. ಗುಡಿಯ ಬೀದಿಯಲ್ಲಿ ಹಣ್ಣುಕಾಯಿ, ಹೂವಿನ ಅಂಗಡಿ ಇಟ್ಟುಕೊಂಡ ಮನೆಗಳ ಮಕ್ಕಳಿಗೆ ಭಾನುವಾರ ರಜೆಯ ದಿನವಲ್ಲ, ವ್ಯಾಪಾರದ ದಿನ. ಟೆಂತ್ ಓದುವ ಹುಡುಗ ಗಿರಾಕಿಗೆ ಚಿಲ್ಲರೆ ಎಣಿಸಿ ಕೊಟ್ಟು ಮತ್ತೆ ಬೀಜಗಣಿತದ ಪುಟಕ್ಕೆ ಮರಳುವುದು ಇಂಥ ಕಡೆ ಅಪರೂಪದ ನೋಟವಲ್ಲ.

ಪುಷ್ಯ ಶುದ್ಧ ಷಷ್ಠಿಯಂದು ಬ್ರಹ್ಮರಥೋತ್ಸವ. ಅದು ಡಿಸೆಂಬರ್ ಕೊನೆಗೆ ಇಲ್ಲವೇ ಜನವರಿಯಲ್ಲಿ ಬೀಳುತ್ತದೆ. ಅದಕ್ಕೂ ಮುಂಚೆ ದನಗಳ ಜಾತ್ರೆ ಕಟ್ಟುತ್ತದೆ. ಹಳ್ಳಿಕಾರ್ ಎತ್ತಿನ ಜೋಡಿಗಳಿಗೆ ಹೆಸರಾದ ಈ ಜಾತ್ರೆಗೆ ಉತ್ತರ ಕರ್ನಾಟಕದ ಜಿಲ್ಲೆಗಳಿಂದಲೂ ಆಂಧ್ರ, ತಮಿಳುನಾಡುಗಳಿಂದಲೂ ರೈತರು ಬರುತ್ತಾರೆ. ಸಾಕಿದ ಎತ್ತುಗಳನ್ನು ತಮಟೆ ಬಡಿಸಿಕೊಂಡು ಮೆರವಣಿಗೆಯಲ್ಲಿ ತರುವವರಿದ್ದಾರೆ. ಅವಕ್ಕೆಂದೇ ಚಪ್ಪರ ಹಾಕಿ ದೀಪ ಕಟ್ಟುವವರಿದ್ದಾರೆ. ಹಲ್ಲು ನೋಡಿ ವಯಸ್ಸು ಹೇಳುವುದು, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದು ಹುಡುಗರು ಅಪ್ಪನ ಪಕ್ಕ ನಿಂತು ಕಲಿಯುವ ವಿದ್ಯೆ. ಆ ವಾರ ತರಗತಿಯ ಹಾಜರಿ ತೆಳುವಾಗುವುದು ಮೇಷ್ಟರಿಗೂ ಗೊತ್ತು. ದನ ಸಾಕುವ ಮನೆಯ ಮಗನಿಗೆ ಜಾತ್ರೆಯ ಮಾಳದಲ್ಲಿ ಕೆಲಸವಿರುತ್ತದೆ: ಹುಲ್ಲು ಹಾಕಬೇಕು, ನೀರು ಹೊರಬೇಕು, ರಾತ್ರಿ ಎತ್ತುಗಳ ಪಕ್ಕದಲ್ಲೇ ಮಲಗಬೇಕು. ಹೆಣ್ಣುಮಕ್ಕಳು ತೇರಿನ ದಿನ ಅಮ್ಮನ ಜೊತೆ ಬಂದು ಬಳೆ, ಓಲೆ, ಕ್ಲಿಪ್ಪು ಕೊಳ್ಳುತ್ತಾರೆ. ಹತ್ತನೇ ತರಗತಿಯವರ ಆಯ್ಕೆಯಲ್ಲಿ ಒಂದು ಲೆಕ್ಕಾಚಾರವೂ ಇರುತ್ತದೆ. ಸೆಂಡಾಫಿಗೆ ಉಡುವ ಸೀರೆಯ ಬಣ್ಣ ಅಷ್ಟರಲ್ಲಾಗಲೇ ನಿಶ್ಚಯವಾಗಿರುತ್ತದೆ.

ಜಾತ್ರೆಯ ಕಾಲಕ್ಕೆ ಹೊಲದ ಕೆಲಸವೂ ಕೂಡಿಕೊಳ್ಳುತ್ತದೆ. ಕೊಯ್ದ ರಾಗಿ ಕಣಕ್ಕೆ ಬಂದು ಒಕ್ಕಣೆ ನಡೆಯುವುದು ಆಗಲೇ. ಅವರೆಕಾಯಿ ಸುಗ್ಗಿಯೂ ಅದೇ. ದ್ರಾಕ್ಷಿ, ಗುಲಾಬಿ ಬೆಳೆಯುವ ತೋಟಗಳಲ್ಲಿ, ಹಿಪ್ಪುನೇರಳೆ ಸೊಪ್ಪು ಹಾಕಿ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಕೆಲಸಕ್ಕೆ ಬಿಡುವೆಂಬುದಿಲ್ಲ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬರುವುದು ಅನೇಕ ಮನೆಗಳಲ್ಲಿ ಮಕ್ಕಳ ಪಾಲಿನದು. ದೊಡ್ಡಬಳ್ಳಾಪುರ ಪೇಟೆಯ ಕಡೆಗೆ ಹೋದರೆ ಮಗ್ಗದ ಮನೆಗಳು. ವಿದ್ಯುತ್ ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದ ಮಕ್ಕಳು ಆ ಸದ್ದಿನಲ್ಲೇ ಓದುವುದನ್ನೂ ಕಲಿತಿರುತ್ತಾರೆ. ಕರೆಂಟು ಹೋಗಿ ಮಗ್ಗ ನಿಂತರೆ ಮನೆಗೆ ನಷ್ಟ, ಓದುವವರಿಗೆ ಸ್ವಲ್ಪ ಮೌನ. ಈ ಮಕ್ಕಳ ಅಂಕಪಟ್ಟಿ ನೋಡುವವರು ಅದರ ಹಿಂದಿನ ಇಷ್ಟು ದುಡಿಮೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಶಾಲೆಯ ದಿನಚರಿ ಹೊತ್ತಿಗೆ ಮುಂಚೆಯೇ ಶುರುವಾಗುತ್ತದೆ. ಹತ್ತನೆಯವರಿಗೆ ಬೆಳಿಗ್ಗೆ ಸ್ಪೆಷಲ್ ಕ್ಲಾಸ್, ಸಂಜೆ ಮತ್ತೆ ಗುಂಪು ಅಧ್ಯಯನ. ಬೆಳಗಿನ ಐದಕ್ಕೆ ಫೋನು ಮಾಡಿ ‘ಎದ್ದಿದ್ದೀಯೇನಪ್ಪಾ’ ಎಂದು ಕೇಳುವ ಮೇಷ್ಟರು, ಮನೆಗೇ ಬಂದು ಅಪ್ಪ–ಅಮ್ಮನ ಹತ್ತಿರ ಮಾತಾಡಿ ಹೋಗುವ ಮಿಸ್ಸುಗಳು ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂದಿಗೂ ಇದ್ದಾರೆ. ಹೋಬಳಿ ಕೇಂದ್ರಕ್ಕೋ ತಾಲ್ಲೂಕು ಕೇಂದ್ರಕ್ಕೋ ಬಸ್ಸಿನಲ್ಲಿ ಹೋಗಿಬರುವವರಿಗೆ ಈ ಹೆಚ್ಚಿನ ತರಗತಿಗಳಿಂದ ಬಸ್ಸಿನ ಹೊತ್ತು ತಪ್ಪುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಹುಡುಗರು ಪಾಸು ಮಾಡಿಸಬೇಕು. ಮಧ್ಯಾಹ್ನದ ಬಿಸಿಯೂಟ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, ಜೊತೆಗೆ ಮೊಟ್ಟೆ ಅಥವಾ ಬಾಳೆಹಣ್ಣು ಶಾಲೆಯಲ್ಲೇ ಸಿಗುತ್ತವೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ಸಂಜೆ ಆರಕ್ಕೆ ಮರಳುವ ಮಗುವಿಗೆ ಈ ಊಟ ಎಷ್ಟು ದೊಡ್ಡ ಆಸರೆಯೆಂಬುದು ಹಸಿವು ಕಂಡವರಿಗೇ ಗೊತ್ತು.

ಪ್ರವಾಸ ಸಾಮಾನ್ಯವಾಗಿ ಡಿಸೆಂಬರಿನಲ್ಲೇ ಮುಗಿದಿರುತ್ತದೆ. ಸಾರಿಗೆ ಸಂಸ್ಥೆಯ ಬಸ್ಸು ಗೊತ್ತುಮಾಡಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಸುತ್ತುವುದು ಹಳೆಯ ವಾಡಿಕೆ. ಹಣ ಹೊಂದಿದರೆ ಜೋಗದವರೆಗೂ ಹೋಗುವುದುಂಟು. ಎಲ್ಲರೂ ಬರಲಾರರು. ಹೋಗಲಾಗದವನ ಪಾಲಿನ ದುಡ್ಡನ್ನು ಮೇಷ್ಟರು ಸದ್ದಿಲ್ಲದೆ ಕಟ್ಟಿದ ಉದಾಹರಣೆಗಳು ಊರೂರಲ್ಲೂ ಸಿಗುತ್ತವೆ. ವಾರ್ಷಿಕೋತ್ಸವಕ್ಕೆ ಕೋಲಾಟ, ಡೊಳ್ಳು, ಸಿನಿಮಾ ಹಾಡಿಗೆ ಕುಣಿತ. ಗ್ರೂಪ್ ಫೋಟೊಗೆ ಶಾಲೆಯ ಮುಂದೆ ಬೆಂಚು ಜೋಡಿಸಿ ಮೂರು ಸಾಲು ನಿಲ್ಲಿಸುತ್ತಾರೆ. ಇವು ಬೇಗ ಬಂದು ಬೇಗ ಮುಗಿಯುತ್ತವೆ.

ಈ ಕಾಲದ ನಿಜವಾದ ದೊಡ್ಡ ದಿನ ಸೆಂಡಾಫ್. ಅದನ್ನು ನಡೆಸುವವರು ಒಂಬತ್ತನೇ ತರಗತಿಯವರು. ಹತ್ತನೆಯವರು ಅಂದು ಅತಿಥಿಗಳು. ಒಂಬತ್ತನೆಯವರೇ ಚಂದಾ ಎತ್ತುತ್ತಾರೆ, ತೋರಣ ಕಟ್ಟುತ್ತಾರೆ, ಅಣ್ಣಂದಿರನ್ನೂ ಅಕ್ಕಂದಿರನ್ನೂ ಬಾಗಿಲಲ್ಲಿ ನಿಂತು ಗುಲಾಬಿ ಕೊಟ್ಟು ಕರೆದುಕೊಳ್ಳುತ್ತಾರೆ. ಬಹಳ ಕಡೆ ಇದನ್ನು ಸರಸ್ವತಿ ಪೂಜೆಯ ಜೊತೆಗೇ ಇಟ್ಟುಕೊಳ್ಳುತ್ತಾರೆ. ಪೆನ್ನುಗಳನ್ನೂ, ಬಂದಿದ್ದರೆ ಹಾಲ್ ಟಿಕೆಟ್‌ಗಳನ್ನೂ ಸರಸ್ವತಿಯ ಪಟದ ಮುಂದಿಟ್ಟು ಪೂಜೆ ಮಾಡುತ್ತಾರೆ. ಕೆಲವು ಶಾಲೆಗಳಲ್ಲಿ ಹತ್ತನೆಯವರು ಹಚ್ಚಿದ ದೀಪವನ್ನು ಒಂಬತ್ತನೆಯವರ ಕೈಗೆ ಕೊಡುತ್ತಾರೆ. ಆಮೇಲೆ ಭಾಷಣ. ಮುಖ್ಯ ಶಿಕ್ಷಕರದ್ದು ಉದ್ದವಾಗಿಯೇ ಇರುತ್ತದೆ. ಮಕ್ಕಳು ಎದ್ದು ನಿಂತು ಎರಡು ಮಾತು ಆಡುವ ಹೊತ್ತಿಗೆ ಗಂಟಲು ಕಟ್ಟುತ್ತದೆ. ವರ್ಷವೆಲ್ಲ ಗದರಿದ ಗಣಿತದ ಮೇಷ್ಟರು ಕಣ್ಣು ಒರೆಸಿಕೊಳ್ಳುವುದನ್ನು ನೋಡಿ ಹಿಂದಿನ ಬೆಂಚಿನ ಹುಡುಗರೂ ಅಳುತ್ತಾರೆ. ಹೊರಟುಹೋಗುವ ತಂಡ ಶಾಲೆಗೊಂದು ಕಾಣಿಕೆ ಕೊಡುವುದು ಸಂಪ್ರದಾಯ: ಗೋಡೆ ಗಡಿಯಾರ, ಕುರ್ಚಿ, ಮೈಕು, ಬೀರು. ಯಾವ ವರ್ಷದ ತಂಡ ಕೊಟ್ಟದ್ದೆಂದು ಅದರ ಮೇಲೆ ಬಣ್ಣದಲ್ಲಿ ಬರೆದಿರುತ್ತದೆ.

ಅಂದು ಹುಡುಗಿಯರು ಸೀರೆ ಉಡುತ್ತಾರೆ. ಬಹುಪಾಲು ಹುಡುಗಿಯರಿಗೆ ಅದೇ ಮೊದಲ ಸೀರೆ. ಕೊಂಡದ್ದು ಕಡಿಮೆ, ಅಮ್ಮನದ್ದೋ ಚಿಕ್ಕಮ್ಮನದ್ದೋ ಅತ್ತಿಗೆಯದ್ದೋ ಹೆಚ್ಚು. ರವಿಕೆಯನ್ನು ಅಳತೆಗೆ ಹಿಡಿದು ಹೊಲಿಸಬೇಕು, ನೆರಿಗೆಗೆ ಪಿನ್ನು ಹಾಕಲು ಅಕ್ಕಪಕ್ಕದ ಅಕ್ಕಂದಿರು ಬೇಕು. ಮಗ್ಗ ಓಡುವ ಮನೆಯ ಹುಡುಗಿ ಉಟ್ಟದ್ದು ಅವಳ ಅಪ್ಪನೇ ನೇಯ್ದ ಸೀರೆಯಾಗಿರಲೂಬಹುದು. ದಿನವೂ ಕೈಯಡಿಯಲ್ಲಿ ಸೀರೆಗಳು ಹಾದುಹೋದರೂ ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಒಂದೂ ಉಳಿಯದ ನೇಕಾರರೂ ಇದೇ ತಾಲ್ಲೂಕಿನಲ್ಲಿದ್ದಾರೆ. ಹುಡುಗರು ಬಿಳಿ ಪಂಚೆ, ಬಿಳಿ ಅಂಗಿ ತೊಡುತ್ತಾರೆ. ನಡೆಯುವಾಗ ಪಂಚೆ ಕಳಚೀತೆಂದು ಬೆಲ್ಟು ಬಿಗಿಯುವುದೂ ಉಂಟು. ಊಟಕ್ಕೆ ಪಲಾವ್, ಮೊಸರನ್ನ, ಕೇಸರಿಬಾತ್. ಶಾಲೆಯ ಮೈದಾನದಲ್ಲೋ ಪಡಸಾಲೆಯಲ್ಲೋ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆ, ಒಂಬತ್ತನೆಯವರು ಬಡಿಸುತ್ತಾರೆ.

ಈ ಒಂದೇ ಸಾಲಿನ ಬೆಲೆ ಏನೆಂಬುದು ಪ್ರಾಮ್‌ನ ಚರಿತ್ರೆ ನೋಡಿದರೆ ತಿಳಿಯುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದ ಕಾಲೇಜುಗಳಲ್ಲಿ ಹುಟ್ಟಿದ ಈ ಪದ್ಧತಿ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಹೈಸ್ಕೂಲುಗಳಿಗೆ ಹಬ್ಬಿತು. ಮೊದಲು ಶಾಲೆಯ ವ್ಯಾಯಾಮ ಮಂದಿರದಲ್ಲಿ ನಡೆಯುತ್ತಿದ್ದದ್ದು ಬರಬರುತ್ತ ಹೋಟೆಲುಗಳಿಗೆ ಹೋಯಿತು. ಟಿಕೆಟ್ಟು, ಗೌನು, ಸೂಟು, ಬಾಡಿಗೆ ಕಾರು ಸೇರಿ ಖರ್ಚು ಏರಿತು. ಜೊತೆಗಾರರನ್ನು ಕರೆಯುವುದೇ ಒಂದು ಪರೀಕ್ಷೆಯಾಯಿತು. ಮಿಸಿಸಿಪಿ ರಾಜ್ಯದ ಚಾರ್ಲ್ಸ್‌ಟನ್ ಎಂಬ ಪಟ್ಟಣದ ಶಾಲೆಯಲ್ಲಿ ಕಪ್ಪು ಮಕ್ಕಳಿಗೂ ಬಿಳಿ ಮಕ್ಕಳಿಗೂ ಬೇರೆ ಬೇರೆ ಪ್ರಾಮ್ ನಡೆಯುತ್ತಿತ್ತು. ನಟ ಮಾರ್ಗನ್ ಫ್ರೀಮನ್ ಖರ್ಚು ಕೊಡಲು ಮುಂದೆ ಬಂದ ಮೇಲೆ, 2008ರಲ್ಲಿ, ಎರಡೂ ಗುಂಪಿನ ಮಕ್ಕಳು ಮೊದಲ ಬಾರಿಗೆ ಒಂದೆಡೆ ಸೇರಿದರು. ಅಮೆರಿಕದಲ್ಲಿ ಬೆಳೆಯುವ ಕನ್ನಡದ ಮನೆಗಳ ಮಕ್ಕಳಿಗೆ ಪ್ರಾಮ್ ಈಗ ಮಾಮೂಲು ಸಂಗತಿ. ಬೆಂಗಳೂರಿನ ಕೆಲವು ಅಂತರರಾಷ್ಟ್ರೀಯ ಶಾಲೆಗಳಲ್ಲೂ ಆ ಹೆಸರಿನಲ್ಲೇ ಕಾರ್ಯಕ್ರಮ ನಡೆಯುತ್ತದೆ.

ಅದರ ನೆರಳು ಹಳ್ಳಿಯ ಸೆಂಡಾಫಿನ ಮೇಲೂ ಬೀಳುತ್ತಿದೆ. ಮೊಬೈಲಿನಲ್ಲಿ ರೀಲ್ಸ್ ನೋಡಿದ ಮಕ್ಕಳಿಗೆ ಒಂದೇ ಬಣ್ಣದ ಸೀರೆ, ಮೇಕಪ್, ಡಿಜೆ, ಕೇಕು ಬೇಕೆನ್ನಿಸುತ್ತದೆ. ಆಸೆ ತಪ್ಪಲ್ಲ, ಹದಿನೈದು–ಹದಿನಾರರ ವಯಸ್ಸಿಗೆ ಅದು ಸಹಜ. ಆದರೆ ತಲೆಗಿಷ್ಟು ಎಂದು ವಸೂಲಿ ಏರಿದಾಗ ಕೂಲಿ ಮಾಡುವವರ ಮನೆಯ ಹುಡುಗಿ ‘ಅವತ್ತು ಹುಷಾರಿರಲಿಲ್ಲ’ ಎಂದು ಮನೆಯಲ್ಲೇ ಉಳಿಯುತ್ತಾಳೆ. ಶಾಲೆಯ ಅಂಗಳದಲ್ಲಿ, ಎರವಲು ಸೀರೆಯಲ್ಲಿ, ಮೇಷ್ಟರ ಎದುರೇ ನಡೆಯುವ ಸೆಂಡಾಫಿನಲ್ಲಿ ಯಾರೂ ಹೊರಗುಳಿಯಬೇಕಾಗಿಲ್ಲ. ಆ ಗುಣ ಉಳಿಸಿಕೊಳ್ಳಲು ಮುಖ್ಯ ಶಿಕ್ಷಕರು ಖರ್ಚಿಗೆ ಮೊದಲೇ ಗೆರೆ ಎಳೆಯುವುದು ಒಳ್ಳೆಯದು.

ಸೆಂಡಾಫಿನ ಹಿಂದೆಯೇ ಪರೀಕ್ಷೆ. ಆರು ವಿಷಯ, ಒಟ್ಟು 625 ಅಂಕ: ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಪ್ರತಿ ವಿಷಯದಲ್ಲೂ ಐದನೇ ಒಂದು ಪಾಲು ಆಂತರಿಕ ಅಂಕ ಶಾಲೆಯಲ್ಲೇ ಸಿಗುತ್ತದೆ. 2025–26ನೇ ಸಾಲಿನಿಂದ ತೇರ್ಗಡೆಗೆ ಒಟ್ಟು 206 ಅಂಕ, ಅಂದರೆ ಶೇ 33, ಮತ್ತು ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಎಂದು ಸರ್ಕಾರ ನಿಗದಿ ಮಾಡಿತು. ಮೊದಲು ಶೇ 35 ಇತ್ತು. 2024ರಿಂದ ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಡಲಾಗುತ್ತಿದೆ. ನಕಲಿಗೆ ದಾರಿ ಮುಚ್ಚಿದ್ದರ ಪರಿಣಾಮ ಆ ವರ್ಷವೇ ಕಂಡಿತು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ, ಶೇ 73.40ಕ್ಕೆ ಇಳಿಯಿತು. ಹಳ್ಳಿ ಶಾಲೆಗಳ ಮೇಷ್ಟರು ಬೆಳಗಿನ ಜಾವ ಫೋನು ಮಾಡುವ ಗಾಬರಿಗೆ ಇಂಥ ಅಂಕಿಗಳೂ ಕಾರಣ.

ಪರೀಕ್ಷೆಯ ದಿನ ಹಾಲ್ ಟಿಕೆಟ್ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಹುಡುಗರಿಗೂ ಟಿಕೆಟ್ ಇಲ್ಲ. ಕೇಂದ್ರ ಬೇರೆ ಊರಿನಲ್ಲಿದ್ದರೆ ಮುಂಚೆಯೇ ಒಮ್ಮೆ ಹೋಗಿ ಕೊಠಡಿ, ನಂಬರು ನೋಡಿಕೊಂಡು ಬರುತ್ತಾರೆ. ಅಮ್ಮಂದಿರು ಹಣೆಗೆ ಕುಂಕುಮ ಇಟ್ಟು, ಘಾಟಿಯ ಕಡೆ ಕೈಮುಗಿಸಿ ಕಳಿಸುತ್ತಾರೆ. ಕೇಂದ್ರದ ಸುತ್ತ ನಿಷೇಧಾಜ್ಞೆ ಇರುತ್ತದೆ, ಹತ್ತಿರದ ಜೆರಾಕ್ಸ್ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದಿಕೊಳ್ಳಲು. ಗಣಿತ, ವಿಜ್ಞಾನದ ನಡುವೆ ಬಿಡುವಿನ ದಿನಗಳಿರುವುದರಿಂದ ಇಡೀ ಪರೀಕ್ಷೆ ಮುಗಿಯಲು ಎರಡು ವಾರದಷ್ಟಾಗುತ್ತದೆ. ಕೊನೆಯ ಪತ್ರಿಕೆ ಬರೆದು ಹೊರಗೆ ಬಂದ ಹುಡುಗರು ಇಂಕು ಎರಚಿಕೊಳ್ಳುತ್ತಾರೆ, ಬಿಳಿ ಅಂಗಿಯ ಬೆನ್ನಿನ ಮೇಲೆ ಗೆಳೆಯರ ಸಹಿ ಹಾಕಿಸಿಕೊಳ್ಳುತ್ತಾರೆ. ತಮ್ಮನಿಗೆ ಆ ಅಂಗಿ ಬೇಕಾಗಿರುವ ಮನೆಯ ಹುಡುಗರು ದೂರ ನಿಂತು ಆಟೋಗ್ರಾಫ್ ಪುಸ್ತಕದಲ್ಲೇ ಬರೆಸಿಕೊಳ್ಳುತ್ತಾರೆ.

ಫಲಿತಾಂಶ ಸಾಮಾನ್ಯವಾಗಿ ಮೇ ತಿಂಗಳ ಆಸುಪಾಸಿನಲ್ಲಿ ಬರುತ್ತದೆ. ಅಲ್ಲಿಂದ ದಾರಿಗಳು ಬೇರೆಯಾಗುತ್ತವೆ. ಕೆಲವರು ದೊಡ್ಡಬಳ್ಳಾಪುರದ ಪಿಯು ಕಾಲೇಜುಗಳಿಗೆ, ಕೆಲವರು ಐಟಿಐ, ಡಿಪ್ಲೊಮಾಗಳಿಗೆ ಸೇರುತ್ತಾರೆ. ತಾಲ್ಲೂಕಿನ ಕೈಗಾರಿಕಾ ಪ್ರದೇಶ ಮತ್ತು ಅಪ್ಪಾರೆಲ್ ಪಾರ್ಕಿನ ಕಾರ್ಖಾನೆಗಳು ಹತ್ತಿರವೇ ಇರುವುದರಿಂದ ಓದು ಬಿಟ್ಟು ಸಂಬಳದ ಕಡೆ ಹೊರಳುವ ಸೆಳೆತವೂ ಬಲವಾಗಿದೆ. ಕೆಲವು ಮನೆಗಳಲ್ಲಿ ಹುಡುಗಿಗೆ ಗಂಡು ನೋಡುವ ಮಾತು ಶುರುವಾಗುತ್ತದೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿನಲ್ಲಿ ಅಪರಾಧ. ಅಂಥ ಸುದ್ದಿ ತಿಳಿದ ಶಿಕ್ಷಕರಾಗಲಿ ಗೆಳತಿಯರಾಗಲಿ 1098ಕ್ಕೆ ಕರೆ ಮಾಡಬಹುದು. ಒಂದೆರಡು ವಿಷಯಗಳಲ್ಲಿ ಹಿಂದೆ ಬಿದ್ದವರಿಗೆ ಅದೇ ವರ್ಷ ಪರೀಕ್ಷೆ–2 ಬರೆಯುವ ಅವಕಾಶವಿದೆ. ಅದಕ್ಕೆ ಅರ್ಜಿ ಹಾಕಿಸುವುದು ಓದಿದ ಶಾಲೆಯ ಕೆಲಸವೇ. ಮೇ, ಜೂನ್ ತಿಂಗಳಲ್ಲಿ ಟಿಸಿ, ಅಂಕಪಟ್ಟಿ ಕೇಳಿಕೊಂಡು ಬರುವವರ ಜೊತೆಗೆ ಈ ಮಕ್ಕಳೂ ಶಾಲೆಯ ಆಫೀಸಿನ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ.