ಸಿಮೆಂಟ್ ಸೂರಿನ ಹಳೇ ಗೋರಿ

ಲೋಕೋಪಯೋಗಿ ಇಲಾಖೆಯಲ್ಲಿ ಸೇತುವೆ, ಶಾಲೆ ಕಟ್ಟಿಸುತ್ತಲೇ ತಲೆ ನರೆಸಿಕೊಂಡವನು ನಾನು. ಹಾಗಾಗಿ ಫೋರ್‌ನಾಕ್ಸ್ ಗೋರಿಯ ಒಳಹೊಕ್ಕ ಕೂಡಲೇ ನನ್ನ ಕಣ್ಣು ಹೋದದ್ದು ಕಲ್ಲಿನ ಮೇಲಲ್ಲ, ಸೂರಿನ ಮೇಲೆ. ಐದು ಸಾವಿರ ವರ್ಷದ ಗೋಡೆಗಳ ಮೇಲೆ ಕಾಂಕ್ರೀಟ್ ಗುಮ್ಮಟ!

ಡಬ್ಲಿನ್ನಿನಲ್ಲಿರುವ ಮಗಳು ನನ್ನನ್ನು ಕರೆದೊಯ್ದಿದ್ದಳು. ಐರ್ಲೆಂಡಿನ ಮೀತ್ ಜಿಲ್ಲೆಯಲ್ಲಿ, ನಾಲ್ ಎಂಬ ಹಳ್ಳಿಯ ಹತ್ತಿರದ ದಿಬ್ಬವಿದು. ಇದೇ ಜಿಲ್ಲೆಯ ನ್ಯೂಗ್ರೇಂಜ್ ಗೋರಿಗೆ ಬಸ್ಸುಗಟ್ಟಲೆ ಜನ ಬರುತ್ತಾರೆ. ಇಲ್ಲಿ ಟಿಕೆಟ್ಟೂ ಇಲ್ಲ, ಕಾವಲುಗಾರನೂ ಇಲ್ಲ. ಹತ್ತಿರದ ಮನೆಯೊಂದರಲ್ಲಿ ಠೇವಣಿ ಕೊಟ್ಟು ಬೀಗದ ಕೈ ತಂದು, ಕಬ್ಬಿಣದ ಬಾಗಿಲನ್ನು ನಾವೇ ತೆಗೆದೆವು. “ಅಪ್ಪಾ, ತಲಿ ಬಗ್ಗಿಸಿ ಬರ್ರಿ” ಎಂದಳು ಮಗಳು.

ಇಂಥವನ್ನು ಪ್ಯಾಸೇಜ್ ಟೂಂಬ್ ಎನ್ನುತ್ತಾರೆ: ಮಣ್ಣಿನ ದಿಬ್ಬ, ಅದರೊಳಗೆ ಕಲ್ಲಿನ ಓಣಿ, ಓಣಿಯ ತುದಿಗೆ ಕೋಣೆ. ಇಲ್ಲಿ ಓಣಿ ಬರೀ 5 ಮೀಟರ್ ಆಸುಪಾಸು. ಕೋಣೆ ಮಾತ್ರ ನ್ಯೂಗ್ರೇಂಜಿನದಕ್ಕಿಂತ ವಿಶಾಲ, ಮೂರು ಬದಿಗೆ ಗೂಡುಗಳು. 1950ರಿಂದ 1952ರವರೆಗೆ ಪುರಾತತ್ವಜ್ಞ ಪಿ. ಜೆ. ಹಾರ್ಟ್‌ನೆಟ್ ಉತ್ಖನನ ಮಾಡಿದಾಗ 60ಕ್ಕೂ ಹೆಚ್ಚು ಜನರ ಮೂಳೆ ಸಿಕ್ಕವು. ಕೆಲವು ಸುಟ್ಟವು, ಕೆಲವು ಸುಡದವು, ಮಕ್ಕಳವೂ ಇದ್ದವು. ಕೋಣೆಯ ನಡುವೆ ಕಂಬ ನೆಟ್ಟಿದ್ದ ಕುಳಿಯೂ ಕಂಡಿತು. ಇಷ್ಟು ಅಗಲಕ್ಕೆ ಕಲ್ಲನ್ನೇ ಮುಂಚಾಚಿ ಸೂರು ಮುಚ್ಚುವುದು ಕಷ್ಟ. ಮೂಲದಲ್ಲಿ ಮರದ ಸೂರು ಇದ್ದಿರಬೇಕೆಂಬ ಊಹೆಗೆ ಆ ಕುಳಿಯೇ ಆಧಾರ. ಲೆಕ್ಕ ನನಗೂ ಸರಿಯೆನಿಸಿತು.

ಉತ್ಖನನ ಮುಗಿದ ಮೇಲೆ ಗುಮ್ಮಟ ಹಾಕಿ, ಬೆಳಕಿಗೆ ಸಂದಿ ಬಿಟ್ಟು, ಮೇಲೆ ಹುಲ್ಲು ಬೆಳೆಸಿದರು. ಇದನ್ನು ಕುರೂಪವೆಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನಿಸಲಿಲ್ಲ. ನ್ಯೂಗ್ರೇಂಜಿನ ಬೆಳ್ಳನೆಯ ಬೆಣಚುಕಲ್ಲಿನ ಗೋಡೆ 1962ರ ನಂತರದ ಉತ್ಖನನದ ಬಳಿಕ ಮತ್ತೆ ಕಟ್ಟಿದ್ದು, ಹಿಂದೆ ಕಾಂಕ್ರೀಟಿನ ಆಸರೆಯಿದೆ. ಮೊದಲು ಅದು ಹಾಗೇ ನಿಂತಿತ್ತೇ ಎಂಬ ತಕರಾರು ಇನ್ನೂ ಮುಗಿದಿಲ್ಲ. ನೋಡುವವನಿಗೆ ಹಳತು ಯಾವುದು, ಹೊಸತು ಯಾವುದು ತಿಳಿಯುವುದಿಲ್ಲ. ಇಲ್ಲಿ ಆ ಗೊಂದಲವಿಲ್ಲ. ಕಲ್ಲು ಅಂದು ಕಟ್ಟಿದವರದು, ಸಿಮೆಂಟು ನಮ್ಮ ಕಾಲದ್ದು.

ಇನ್ನೊಂದು ತಮಾಷೆ. ನ್ಯೂಗ್ರೇಂಜಿನ ಓಣಿಗೆ ಡಿಸೆಂಬರಿನ ಉದಯದ ಬಿಸಿಲು ನುಗ್ಗುತ್ತದೆ. ಫೋರ್‌ನಾಕ್ಸ್‌ನ ಓಣಿಯ ಮುಖ ಬಹುಮಟ್ಟಿಗೆ ಉತ್ತರಕ್ಕೆ; ಹುಟ್ಟುವ ಸೂರ್ಯ ಅದರೊಳಗೆ ಇಣುಕಲಾರ. ಕಟ್ಟಿದವರು ಕತ್ತಲಲ್ಲಿಟ್ಟ ಕೆತ್ತನೆಗಳಿಗೆ ಬೆಳಕು ತಂದದ್ದು ಆ ಕಾಂಕ್ರೀಟಿನ ಸಂದಿಗಳು.

ಗೂಡುಗಳ ಮೇಲಿನ ತೊಲೆಗಲ್ಲುಗಳಲ್ಲಿ ಅಂಕುಡೊಂಕು ಗೆರೆಗಳ ಸಾಲಿದೆ. ಬಾಗಿಲ ಬಳಿಯ ಒಂದು ಕಲ್ಲಿನಲ್ಲಿ ಬಾಯಿ, ಕಣ್ಣುಗಳ ಹಾಗೆ ಕಾಣುವ ಕೆತ್ತನೆಯಿದೆ. ಮನುಷ್ಯನ ಮುಖವೆಂದು ಹಲವರು ನಂಬುತ್ತಾರೆ, ಮಗಳಿಗೆ ಅದು ನಗುವಂತೆಯೂ ಕಂಡಿತು. ಕಲ್ಲಿನ ಗೋರಿಗಳು ನಮ್ಮ ಕಡೆಯೂ ಇವೆ. ಆದರೆ ಹಿರೇಬೆಣಕಲ್‌ನ ಮೋರೇರ ಗುಡ್ಡದ ಕಲ್ಮನೆಗಳು ಇದಕ್ಕಿಂತ ಎಷ್ಟೋ ಈಚಿನವು, ಬೇರೆ ಜನರವು. ಅವಕ್ಕೆ ಬೀಗವೂ ಇಲ್ಲ, ಸೂರಿನ ರಿಪೇರಿಯೂ ಇಲ್ಲ.

ಹೋಗುವವರು ಟಾರ್ಚ್ ಒಯ್ಯಿರಿ. ಕಲ್ಲಿಗೆ ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಗೆರೆಗಳೂ ಎದ್ದು ಕಾಣುತ್ತವೆ. ಕೈಯಿಂದ ಮುಟ್ಟಬೇಡಿ. ಬೀಗದ ಕೈ ಸಂಜೆಯೊಳಗೆ ವಾಪಸ್ ಕೊಡಿ.