ಮಣ್ಣಿನ ಇಟ್ಟಿಗೆ ಒತ್ತುವ ಯಂತ್ರ

ಮಣ್ಣಿನ ಇಟ್ಟಿಗೆ ಒತ್ತುವ ಯಂತ್ರವು ತೇವಗೊಳಿಸಿದ ಮಣ್ಣನ್ನು ಉಕ್ಕಿನ ಅಚ್ಚಿನಲ್ಲಿ ಬಲವಾಗಿ ಅದುಮಿ, ಸುಡದೆಯೇ ಗೋಡೆಗೆ ಯೋಗ್ಯವಾದ ಇಟ್ಟಿಗೆಯನ್ನು ತಯಾರಿಸುವ ಸಾಧನ. ಹೈಡ್ರಾಲಿಕ್ ಯಂತ್ರಗಳೂ ಇವೆಯಾದರೂ, ಕಡಿಮೆ ಖರ್ಚಿನ ಮನೆಗಳಿಗೆ ಹೆಚ್ಚು ಒದಗಿರುವುದು ಕೈಯಿಂದ ನಡೆಸುವ ಸನ್ನೆಯಂತ್ರ. ಇದಕ್ಕೆ ವಿದ್ಯುತ್ತು ಬೇಡ, ನಿವೇಶನಕ್ಕೇ ಸಾಗಿಸಬಹುದು, ಕೆಟ್ಟರೆ ಬೆಸುಗೆ ಬಲ್ಲ ಸಾಮಾನ್ಯ ಕಾರ್ಯಾಗಾರದಲ್ಲಿಯೇ ಸರಿಪಡಿಸಬಹುದು.

ಇತಿಹಾಸ

ಈ ಬಗೆಯ ಯಂತ್ರಗಳಲ್ಲಿ ಪ್ರಸಿದ್ಧವಾದ 'ಸಿನ್ವಾ-ರಾಮ್' 1950ರ ದಶಕದಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ರೂಪುಗೊಂಡಿತು. ಅಲ್ಲಿನ ವಸತಿ ಸಂಶೋಧನಾ ಕೇಂದ್ರದಲ್ಲಿದ್ದ ಎಂಜಿನಿಯರ್ ರಾವುಲ್ ರಾಮಿರೆಜ್ ಇದರ ನಿರ್ಮಾತೃ. ಭಾರತದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ 'ಅಸ್ತ್ರ' ಕಾರ್ಯಕ್ರಮವು ಗ್ರಾಮೀಣ ಅಗತ್ಯಗಳಿಗೆ ವಿಜ್ಞಾನವನ್ನು ಅನ್ವಯಿಸಲು ಹೊರಟಿತು. ಕೆ. ಎಸ್. ಜಗದೀಶ್ ಮತ್ತು ಸಹೋದ್ಯೋಗಿಗಳು ಇಲ್ಲಿ ಮಣ್ಣಿನ ಇಟ್ಟಿಗೆಯ ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. 'ಅಸ್ತ್ರಂ' ಯಂತ್ರವು ಅದರ ಫಲ. ತಮಿಳುನಾಡಿನ ಆರೋವಿಲ್‌ನಲ್ಲಿ 'ಆರಂ 3000' ಎಂಬ ಯಂತ್ರ ಸಿದ್ಧವಾಯಿತು. ಅಮೆರಿಕದ ಮಿಸೌರಿಯಲ್ಲಿ ಮಾರ್ಚಿನ್ ಯಾಕುಬೋವ್ಸ್ಕಿ ಅವರ ಬಳಗವು ಹೈಡ್ರಾಲಿಕ್ ಯಂತ್ರವೊಂದರ ನಕ್ಷೆಗಳನ್ನು ಯಾರಾದರೂ ಬಳಸಿಕೊಳ್ಳಲೆಂದು ಮುಕ್ತವಾಗಿ ಪ್ರಕಟಿಸಿದೆ.

ಕಾರ್ಯವಿಧಾನ

ಅಚ್ಚಿಗೆ ಮಣ್ಣು ತುಂಬಿ, ಮುಚ್ಚಳ ಬಿಗಿದು, ಉದ್ದನೆಯ ಸನ್ನೆಯನ್ನು ಎಳೆದಾಗ ಅಚ್ಚಿನ ತಳವು ಮೇಲೇರಿ ಮಣ್ಣನ್ನು ಅದುಮುತ್ತದೆ. ಆರಂಭದಲ್ಲಿ ಸಡಿಲವಾದ ಮಣ್ಣು ಸುಲಭವಾಗಿ ಕುಗ್ಗುತ್ತದೆ; ಕೊನೆಗೆ ಹೆಚ್ಚು ಪ್ರತಿರೋಧ ತೋರುತ್ತದೆ. ಸನ್ನೆಯ ಮಡಚುಕೀಲುಗಳು ನೇರವಾಗುತ್ತ ಬಂದಂತೆ ಬಲವೂ ಹಲವು ಪಟ್ಟು ವೃದ್ಧಿಸುವುದರಿಂದ, ಒಬ್ಬಿಬ್ಬರ ದೇಹಬಲವೇ ಸಾಕಾಗುತ್ತದೆ. ಮುಚ್ಚಳ ತೆರೆದು ಸನ್ನೆಯನ್ನು ಮತ್ತೆ ಒತ್ತಿದರೆ ಇಟ್ಟಿಗೆ ಹೊರಬರುತ್ತದೆ.

ಯಂತ್ರದ ಬೆಲೆ ಇಳಿಸಲು ತೆಳುವಾದ ತಗಡು ಬಳಸುವುದು ಹುಸಿ ಉಳಿತಾಯ. ಅಚ್ಚಿನ ಗೋಡೆ ಬಾಗಿದರೆ ಇಟ್ಟಿಗೆಗಳ ಅಳತೆ ಹೊಂದುವುದಿಲ್ಲ, ಗಾರೆಯ ಖರ್ಚು ಏರುತ್ತದೆ. ಪ್ರತಿ ಬಾರಿಯೂ ಮಣ್ಣನ್ನು ತೂಗಿಯೇ ತುಂಬಬೇಕು. ಅಳತೆ ತಪ್ಪಿದರೆ ಸಾಂದ್ರತೆ ಕುಸಿದು ಇಟ್ಟಿಗೆ ದುರ್ಬಲವಾಗುತ್ತದೆ. ಈ ವಿನ್ಯಾಸದಲ್ಲಿ ಉತ್ತಮ ಇಟ್ಟಿಗೆಗೆ ಯಂತ್ರದಷ್ಟೇ ಮುಖ್ಯವಾದುದು ಒಂದು ಸಾಧಾರಣ ತಕ್ಕಡಿ.

ಮಣ್ಣು ಮತ್ತು ಸಿಮೆಂಟು

ಮರಳಿನ ಅಂಶ ಹೆಚ್ಚಿರುವ ಕೆಮ್ಮಣ್ಣು ಇದಕ್ಕೆ ಸೂಕ್ತ. ಬರಿಯ ಮಣ್ಣಿನ ಇಟ್ಟಿಗೆ ಮಳೆಯಲ್ಲಿ ಕರಗುವುದರಿಂದ ಸಾಮಾನ್ಯವಾಗಿ ಶೇ. 5ರಿಂದ 8ರಷ್ಟು ಸಿಮೆಂಟನ್ನು ಬೆರೆಸುತ್ತಾರೆ. ಮಣ್ಣಿನಲ್ಲಿ ಜೇಡಿ ಹೆಚ್ಚಿದ್ದರೆ ಮರಳು ಸೇರಿಸಬೇಕು. ಉತ್ತರ ಕರ್ನಾಟಕದ ಎರೆಮಣ್ಣು ನೀರು ಕುಡಿದು ಹಿಗ್ಗಿ, ಒಣಗಿದಾಗ ಬಿರಿಯುವ ಗುಣದ್ದು. ಅದನ್ನು ಹಾಗೆಯೇ ಒತ್ತಿದರೆ ಎಂಥ ಯಂತ್ರದಿಂದಲೂ ಪ್ರಯೋಜನವಿಲ್ಲ. ಒತ್ತಿದ ಇಟ್ಟಿಗೆಗಳನ್ನು ನೆರಳಿನಲ್ಲಿ ಜೋಡಿಸಿ ಸುಮಾರು ಮೂರು ವಾರ ನೀರುಣಿಸಬೇಕು. ಅವಸರದಲ್ಲಿ ಹೆಚ್ಚಾಗಿ ಕೈಬಿಟ್ಟುಹೋಗುವ ಹಂತ ಇದೇ.

ಖರ್ಚಿನ ಲೆಕ್ಕ

230 × 190 × 100 ಮಿ.ಮೀ. ಅಳತೆಯ ಒಂದು ಇಟ್ಟಿಗೆಯ ಗಾತ್ರವು ಸಾಮಾನ್ಯ ಸುಟ್ಟ ಇಟ್ಟಿಗೆಯ ಸುಮಾರು ಎರಡೂವರೆ ಪಟ್ಟು. ಒಣಗಿದಾಗ ತೂಕ 8 ಕಿಲೋಗ್ರಾಮಿನ ಆಸುಪಾಸು. ಶೇ. 7ರ ಮಿಶ್ರಣದಲ್ಲಿ 50 ಕಿಲೋ ಸಿಮೆಂಟಿನ ಒಂದು ಚೀಲದಿಂದ ಸುಮಾರು 90 ಇಟ್ಟಿಗೆಗಳಾಗುತ್ತವೆ. ಭಟ್ಟಿಯ ಸೌದೆ ಅಥವಾ ಕಲ್ಲಿದ್ದಲಿನ ಅಗತ್ಯವಿಲ್ಲ. ಮಣ್ಣು ಹತ್ತಿರದಲ್ಲೇ ಸಿಕ್ಕರೆ ಸಾಗಣೆಯ ವೆಚ್ಚವೂ ಅಲ್ಪ.

190 ಮಿ.ಮೀ. ದಪ್ಪದ, 100 ಚದರ ಮೀಟರ್ ವಿಸ್ತೀರ್ಣದ ಗೋಡೆಗೆ ಸುಮಾರು 3,700 ಇಟ್ಟಿಗೆಗಳು ಬೇಕು. ಆರೇಳು ಜನರ ತಂಡವು ದಿನಕ್ಕೆ ಕೆಲವು ನೂರು ಇಟ್ಟಿಗೆಗಳನ್ನು ಒತ್ತಬಲ್ಲದಾದ್ದರಿಂದ ಒಂದು ಮನೆಗೆ ಯಂತ್ರ ಬೇಕಾಗುವುದು ಕೆಲವೇ ವಾರಗಳ ಕಾಲ. ಹೀಗಾಗಿ ಒಂದೇ ಮನೆಗೆಂದು ಯಂತ್ರ ಕೊಳ್ಳುವುದು ದುಬಾರಿ. ಊರಿನ ಹಲವು ಕುಟುಂಬಗಳು ಸೇರಿ ಕೊಂಡಾಗ, ಇಲ್ಲವೇ ತರಬೇತಿ ಪಡೆದ ತಂಡವೊಂದು ಬಾಡಿಗೆಗೆ ಒದಗಿಸಿದಾಗ, ಪ್ರತಿ ಮನೆಯ ಪಾಲಿಗೆ ಬರುವ ಯಂತ್ರದ ವೆಚ್ಚ ತೀರ ಕಡಿಮೆಯಾಗುತ್ತದೆ.